ಎರಡೂ ಕಿವಿ ಕಾಣುವ ಹಾಗೆ

ಲಾ ತ್ರಾಂಗ್ ಹಳ್ಳಿ, ಹಾ ಡಾಂಗ್
18 ಏಪ್ರಿಲ್ 1936

ಮಗಳು ಉಯೆನ್‌ಗೆ,

ಈ ಅಕ್ಷರ ನಿನಗೆ ಹೊಸದಲ್ಲ. ನೀನು ಪ್ಯಾರಿಸ್ಸಿಗೆ ಹೋದಾಗಿನಿಂದ ಬರುತ್ತಿದ್ದ ಪತ್ರಗಳಲ್ಲಿ ಅಕ್ಷರ ನನ್ನದು, ಮಾತು ನಿನ್ನ ಅಮ್ಮನದು. ಅವಳು ಮಗ್ಗದಲ್ಲಿ ಕೂತು ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಈ ಸಲ ಎರಡೂ ನನ್ನವೇ. ಕಾರಣ ನಿನಗೆ ತಂತಿಯಲ್ಲಿ ತಿಳಿದಿದೆ. ಮೂರು ದಿನದ ಜ್ವರ, ಅಷ್ಟೇ. ಹೆಚ್ಚು ನರಳಲಿಲ್ಲ. ಮಗ್ಗದ ಮೇಲಿದ್ದ ಬಟ್ಟೆ ಅರ್ಧಕ್ಕೇ ನಿಂತಿದೆ. ಅದನ್ನು ಮುಗಿಸುತ್ತೇನೆಂದು ನಿನ್ನ ದೊಡ್ಡತ್ತೆ ಕೂತಳು, ನಾನೇ ಬೇಡವೆಂದೆ.

ನೀನು ಹೊರಟ ದಿನ ನಾನು ಹಡಗುಕಟ್ಟೆಗೆ ಬರಲಿಲ್ಲ. ಹೆಣ್ಣುಮಗಳು ಬಣ್ಣ ಬಳಿಯಲು ಸಮುದ್ರ ದಾಟುವುದು ನನಗೆ ಒಪ್ಪಿಗೆ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆ ಮಾತು ಬೇರೆ. ಇವತ್ತು ಬರೆಯುತ್ತಿರುವುದು ಬೇರೆ ಕೆಲಸಕ್ಕೆ.

ತೀರಿಕೊಂಡ ಹಿರಿಯರನ್ನು ಪೂಜಿಸುವ ಪೀಠದ ಮೇಲೆ ಅಮ್ಮನ ಮುಖ ಇಡಬೇಕು. ಅವಳ ಒಂದೇ ಒಂದು ಫೋಟೋ ಇಲ್ಲ. ಫೋಟೋದವನು ಊರಿಗೆ ಬಂದಾಗಲೆಲ್ಲ ಅವಳು ನೀರಿಗೆ ಹೋಗಿಬಿಡುತ್ತಿದ್ದಳು. ಹನೋಯಿಯ ಬೀದಿಯಲ್ಲಿ ಕೂತು ಸತ್ತವರ ಮುಖ ಬರೆದುಕೊಡುವವನ ಹತ್ತಿರ ಹೋಗಿದ್ದೆ. ಫೋಟೋ ಇಲ್ಲವೆಂದೆ. "ಪರ್ವಾಗಿಲ್ಲ ಮೇಷ್ಟ್ರೇ, ಗುಂಡು ಮುಖಾನೋ ಕೋಲು ಮುಖಾನೋ ಹೇಳಿ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅಂದ. ಎದ್ದು ಬಂದೆ.

ಆ ಮುಖ ಇನ್ನು ಇರುವುದು ನಿನ್ನ ಕೈಯಲ್ಲಿ ಮಾತ್ರ. ಬರೆದು ಕಳುಹಿಸು. ವರ್ಷದ ತಿಥಿಯೊಳಗೆ ಬಂದರೆ ಒಳ್ಳೆಯದು.

ಕೊನೆಯಲ್ಲೊಂದು ಸಾಲು. ಪ್ರತಿ ಪತ್ರದ ಕೊನೆಗೂ ಅವಳು "ಊಟ ಸರಿಯಾಗಿ ಮಾಡ್ತಾಳಾ ಕೇಳಿ" ಎನ್ನುತ್ತಿದ್ದಳು. ಅಷ್ಟು ದೂರದಿಂದ ಕೇಳಿ ಏನು ಮಾಡುತ್ತೀಯೆಂದು ರೇಗುತ್ತಲೇ ಬರೆಯುತ್ತಿದ್ದೆ. ಇವತ್ತು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಪ್ಪ,
ದಾಮ್ ಖಾಕ್ ಹ್ವಾನ್


ಪ್ಯಾರಿಸ್
9 ಅಕ್ಟೋಬರ್ 1936

ಅಪ್ಪನ ಪಾದಗಳಿಗೆ ಉಯೆನ್ ನಮಸ್ಕಾರ,

ನಿಮ್ಮ ಪತ್ರ ಬಂದ ಮೇಲೆ ಬಹಳ ದಿನ ಕುಂಚ ಮುಟ್ಟಲಿಲ್ಲ. ಮುಟ್ಟಿದ ಮೇಲೆ ಬಿಡಲಿಲ್ಲ. ಈ ಪತ್ರದ ಜೊತೆಗೇ ಚಿತ್ರ ಹಡಗಿನಲ್ಲಿ ಬರುತ್ತಿದೆ. ಊರಿಗೆ ಹೊರಟಿರುವ ಒಬ್ಬ ಅಡುಗೆಯವರ ಕೈಯಲ್ಲಿ ಕೊಟ್ಟಿದ್ದೇನೆ, ಮನೆಗೇ ತಂದುಕೊಡುತ್ತಾರೆ.

ಇಲ್ಲಿಯ ಪದ್ಧತಿಯಂತೆ ಎಣ್ಣೆಬಣ್ಣದಲ್ಲಿ ಬರೆದಿದ್ದೇನೆ. ಇಲ್ಲಿ ಒಂದು ದೊಡ್ಡ ಅರಮನೆಯಂಥ ಮನೆಯಲ್ಲಿ ಹಳೆಯ ಚಿತ್ರಗಳನ್ನು ತೂಗುಹಾಕಿದ್ದಾರೆ. ಅವುಗಳ ಮುಂದೆ ಕೂತು ನಕಲು ಮಾಡಿಯೇ ನಾನು ಕಲಿತದ್ದು. ನಾನೂರು ವರ್ಷದ ಹಿಂದೆ ಸತ್ತ ಹೆಂಗಸರು ಈಗ ತಾನೇ ಉಸಿರೆಳೆದುಕೊಂಡವರ ಹಾಗೆ ಕೂತಿರುತ್ತಾರೆ. ಒಂದು ಕಡೆಯಿಂದ ಬೆಳಕು, ಇನ್ನೊಂದು ಕಡೆ ನೆರಳು. ಆ ನೆರಳಿನಿಂದಲೇ ಕೆನ್ನೆಗೆ ಗುಂಡನೆಯ ಆಕಾರ ಬರುವುದು. ಅಮ್ಮನನ್ನೂ ಹಾಗೆಯೇ ಬದುಕಿಸಬೇಕೆಂದು ಆಸೆಪಟ್ಟೆ.

ಮುಖವನ್ನು ನೇರ ಇಟ್ಟಿಲ್ಲ. ಮಗ್ಗದ ಸದ್ದಿಗೆ ಅಮ್ಮನ ಎಡಗಿವಿ ಹೋಗಿತ್ತಲ್ಲ. ಯಾರೇ ಮಾತಾಡಿಸಲಿ, "ಏನಂದ್ರಿ?" ಎಂದು ಬಲಗಿವಿಯನ್ನು ಈ ಕಡೆ ತಿರುಗಿಸುತ್ತಿದ್ದಳು. ನನ್ನ ನೆನಪಿನ ಅಮ್ಮ ಯಾವತ್ತೂ ಹಾಗೇ ತಿರುಗಿರುತ್ತಾಳೆ. ಹಾಗೇ ಬರೆದಿದ್ದೇನೆ. ನಮ್ಮ ಹಳಬರಂತೆ ಬಣ್ಣ ಹಾಕಿಸಿದ ಕಪ್ಪು ಹಲ್ಲು ಕಾಣದ ಹಾಗೆ ತುಟಿ ಮುಚ್ಚಿದ್ದಾಳೆ, ಆದರೆ ಎಲೆಅಡಿಕೆಯ ಕೆಂಪು ಇದೆ.

ಇಲ್ಲಿಯ ಒಂದು ಪ್ರದರ್ಶನದಲ್ಲಿ ಒಂದು ವಾರ ಇಟ್ಟಿದ್ದೆ. ಬಹಳ ಜನ ನಿಂತು ನೋಡಿದರು. ನನಗೆ ಬೇಕಾಗಿರುವುದು ನೀವು ನೋಡುವುದು.

ನಿಮ್ಮ ಮಗಳು,
ಉಯೆನ್


ಲಾ ತ್ರಾಂಗ್
20 ಡಿಸೆಂಬರ್ 1936

ಉಯೆನ್,

ಚಿತ್ರ ಬಂತು. ಒಂದು ಮೂಲೆಯೂ ಮುಕ್ಕಾಗಿಲ್ಲ. ಬಿಚ್ಚಿದ ದಿನ ಮನೆತನದ ಹಿರಿಯರೆಲ್ಲ ಬಂದಿದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ.

ಮೊದಲು ಬಾಯಿ ತೆರೆದವಳು ನಿನ್ನ ದೊಡ್ಡತ್ತೆ. "ಅಯ್ಯಯ್ಯೋ, ಅರ್ಧ ಮುಖಕ್ಕೆ ಯಾಕ್ ಮಸಿ ಬಳ್ದಿದಾಳೆ? ಒಲೆ ಊದ್ತಾ ಊದ್ತಾ ಸತ್ತೋಳ ಹಾಗಿದಾಳಲ್ಲ!" ಅದು ಮಸಿಯಲ್ಲ, ನೆರಳು ಎಂದೆ. "ಯಾರ ನೆರಳು? ಅವಳ ಮುಂದೆ ಯಾರ್ ನಿಂತಿದ್ರು?"

ಆಮೇಲೆ ಕಿವಿಯ ವಿಷಯ ಬಂತು. ಪೀಠದ ಮೇಲೆ ಕೂರುವವರ ಎರಡು ಕಿವಿಯೂ ಕಾಣಬೇಕೆಂದು ನಿನಗೆ ಗೊತ್ತು. "ಇನ್ನೊಂದ್ ಕಿವಿ ಎಲ್ಲೋಯ್ತು? ಫ್ರಾನ್ಸಲ್ಲಿ ಮಾರ್ಕೊಂಡ್ಳಾ ನಿನ್ ಮಗಳು?" ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂದು, ಅವಳಿಗೆ ಬದುಕಿದ್ದಾಗಲೂ ಕೇಳುತ್ತಿದ್ದದ್ದು ಒಂದೇ ಕಿವಿ ಅಲ್ಲವೇ ಎಂದೆ. ಅಕ್ಕ ನಗು ನಿಲ್ಲಿಸಿದಳು. "ಅದ್ಕೇ ಹೇಳ್ತಿರೋದು ಕಣೋ. ಬದುಕಿದ್ದಾಗಂತೂ ಒಂದೇ ಕಿವಿ. ಸತ್ ಮೇಲಾದ್ರೂ ಅವಳಿಗೆ ಎರಡೂ ಕೇಳ್ಬೇಡ್ವಾ?"

ಈ ಚಿತ್ರ ಪೀಠಕ್ಕೆ ಆಗುವುದಿಲ್ಲವೆಂದು ಹಿರಿಯರು ತೀರ್ಮಾನಿಸಿದರು. ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದೇನೆ. ನೇರ ಮುಖ, ಎರಡು ಕಿವಿ, ಮಸಿಯಿಲ್ಲದ ಕೆನ್ನೆ. ನಮ್ಮ ಪದ್ಧತಿಯಂತೆ ಇನ್ನೊಂದು ಬರೆದು ಕಳುಹಿಸು. ಅದೇನು ನಿನಗೆ ಕಷ್ಟವಲ್ಲ.

ಅಪ್ಪ


ಪ್ಯಾರಿಸ್
30 ಜನವರಿ 1937

ಅಪ್ಪನಿಗೆ,

ಕಷ್ಟವಲ್ಲ, ನಿಜ. ಕಾಗದದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಬರೆದೆ. ನೇರ ಮುಖ, ಎರಡು ಕಿವಿ, ಹಿಟ್ಟು ಬಳಿದ ಹಾಗೆ ಬೆಳ್ಳಗಿನ ಕೆನ್ನೆ. ಎದುರಿಗಿಟ್ಟು ನೋಡಿದೆ. ಯಾರೋ ಒಬ್ಬರ ಅಮ್ಮ. ನನ್ನ ಅಮ್ಮನಲ್ಲ. ಹರಿದು ಹಾಕಿದೆ.

ಅಂಥದ್ದೇ ಬೇಕೆಂದರೆ ಹನೋಯಿಯ ಬೀದಿಯವನೇ ಸಾಕು. ಗುಂಡು ಮುಖವೆಂದು ಹೇಳಿಬಿಡಿ.

ಉಯೆನ್


ಲಾ ತ್ರಾಂಗ್
11 ಜುಲೈ 1937

ಉಯೆನ್,

ಆರು ತಿಂಗಳಿಂದ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇಬ್ಬರ ಹಟವೂ ಒಂದೇ ಮಣ್ಣಿನದು ಎಂದು ನಿನ್ನ ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು.

ವರ್ಷದ ತಿಥಿ ಆಯಿತು. ಕೋಳಿ, ಅಂಟಕ್ಕಿಯ ಅನ್ನ, ಬಿದಿರು ಕಳಲೆಯ ಸಾರು, ಎಲ್ಲ ಎಡೆ ಇಟ್ಟೆವು. ಪೀಠದ ಮೇಲೆ ಕೆಂಪು ಕಾಗದದಲ್ಲಿ ನಾನೇ ಬರೆದ ಅವಳ ಹೆಸರು. ಅಕ್ಷರ ಚೆನ್ನಾಗಿ ಬಂದಿತ್ತು, ಎಲ್ಲರೂ ಮೆಚ್ಚಿದರು. ಊದುಬತ್ತಿ ಹಚ್ಚಿ ಕೈಮುಗಿದಾಗ ಮುಂದೆ ಬರೀ ಅಕ್ಷರ. ಜೀವನವಿಡೀ ಅಕ್ಷರವನ್ನೇ ನಂಬಿದವನು ನಾನು. ಅವತ್ತು ಅದರ ಮೇಲೆ ಸಿಟ್ಟು ಬಂತು.

ಮಗಳೇ, ಒಂದು ಮಾತು ಯಾರಿಗೂ ಹೇಳಿಲ್ಲ. ಅವಳ ಮುಖ ನನಗೆ ಮರೆಯುತ್ತಿದೆ. ಕೈ ನೆನಪಿದೆ, ಮಗ್ಗದ ಮೇಲೆ ಓಡುವ ಕೈ. ಕೆಮ್ಮು ನೆನಪಿದೆ. ಎಲೆಅಡಿಕೆ ಚೀಲದ ದಾರ ಎಳೆಯುವ ರೀತಿ ನೆನಪಿದೆ. ಕಣ್ಣು ಮುಚ್ಚಿ ಮುಖ ಕರೆದರೆ ಬರುವುದಿಲ್ಲ. ಮೂವತ್ತೈದು ವರ್ಷ ಎದುರಿಗೆ ಕೂತು ಉಂಡವಳ ಮುಖ. ನನಗೆ ಹೆದರಿಕೆಯಾಗುತ್ತಿದೆ.

ಆಗೆಲ್ಲ ಮಗ್ಗದ ಕೋಣೆಗೆ ಹೋಗುತ್ತೇನೆ. ನಿನ್ನ ಚಿತ್ರವನ್ನು ತಿರುಗಿಸಿ ನೋಡುತ್ತೇನೆ. ಬೆಳಕಿರುವ ಅರ್ಧ ನನ್ನ ಹೆಂಡತಿಯೇ. ಆ ತುಟಿ ಅವಳದೇ. ನಮ್ಮ ಊರಿನಲ್ಲಿ ಇಂಥ ಕೈ ಇನ್ನೊಂದಿಲ್ಲ, ಹನೋಯಿಯಲ್ಲೂ ಇಲ್ಲ. ಇದನ್ನು ನಾನು ಮೊದಲ ದಿನವೇ ಬರೆಯಬೇಕಿತ್ತು. ನೆರಳಿನ ಅರ್ಧಕ್ಕೆ ಬಂದಾಗ ಮಾತ್ರ ಕಣ್ಣು ದಾರಿ ತಪ್ಪುತ್ತದೆ. ಅಲ್ಲಿ ಅವಳು ನನ್ನಿಂದ ಮರೆಯಾಗಿ ಕೂತಿದ್ದಾಳೆ ಅನಿಸುತ್ತದೆ. ನಾವು ನೆರಳು ನೋಡಿ ಬೆಳೆದವರಲ್ಲ, ತಾಯಿ. ನಮಗೆ ಅದು ಮಸಿಯಾಗಿಯೇ ಕಾಣುತ್ತದೆ.

ಒಂದು ದಿನ ಅಲ್ಲಿಗೆ ಹೋದರೆ ಅಕ್ಕ ಆಗಲೇ ಅಲ್ಲಿದ್ದಳು. ಮೇಲಂಗಿಯ ತುದಿಯಿಂದ ಆ ನೆರಳಿನ ಕೆನ್ನೆಯನ್ನು ಒರೆಸುತ್ತಿದ್ದಳು. ನನ್ನನ್ನು ನೋಡಿ, "ಧೂಳು ಕೂತಿತ್ತು" ಎಂದಳು.

ಬರುವ ವರ್ಷ ಎರಡನೆಯ ತಿಂಗಳಿಗೆ ಎರಡನೆಯ ತಿಥಿ. ಅವತ್ತಿಗೆ ಶೋಕದ ಬಿಳಿ ಬಟ್ಟೆ ತೆಗೆದು ಅಳುವುದನ್ನು ನಿಲ್ಲಿಸಬೇಕು. ಅಷ್ಟರಲ್ಲಿ ಅವಳು ಪೀಠಕ್ಕೆ ಬರದಿದ್ದರೆ ಹೆಸರಾಗಿಯೇ ಉಳಿಯುತ್ತಾಳೆ. ಹೇಗೆ ಬರೆಯಬೇಕೆಂದು ಇನ್ನು ಹೇಳುವುದಿಲ್ಲ. ನಿನಗೆ ಗೊತ್ತು. ಬೇಡುತ್ತಿದ್ದೇನೆ, ಅಷ್ಟೇ.

ಅಪ್ಪ


ಪ್ಯಾರಿಸ್
2 ಸೆಪ್ಟೆಂಬರ್ 1937

ಅಪ್ಪ,

ನೀವು ಬೇಡುತ್ತೇನೆ ಎಂದು ಬರೆಯಬಾರದು. ಆ ಒಂದು ಪದ ನನ್ನನ್ನು ಇಡೀ ದಿನ ಅಳಿಸಿತು.

ದೊಡ್ಡತ್ತೆ ಆ ಕೆನ್ನೆ ಒರೆಸಿದ್ದನ್ನು ಮತ್ತೆ ಮತ್ತೆ ಓದಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರದರ್ಶನದಲ್ಲಿ ನಿಂತು ನೋಡಿದವರು ಚಿತ್ರ ಮೆಚ್ಚಿದರು. ಅದನ್ನು ಒರೆಸಬೇಕೆಂದು ಅವರಲ್ಲಿ ಒಬ್ಬರಿಗೂ ಅನಿಸಲಿಲ್ಲ.

ನನ್ನ ಹತ್ತಿರ ಒಂದು ವಸ್ತು ಇದೆ, ಇದುವರೆಗೆ ಹೇಳಿರಲಿಲ್ಲ. ಹೊರಡುವಾಗ ಅಮ್ಮ ಕೊಟ್ಟ ರೇಷ್ಮೆಯ ಥಾನು. ಚಿತ್ರಕ್ಕೆಂದೇ ಎಳೆ ಸಡಿಲ ಬಿಟ್ಟು ನೇಯ್ದದ್ದು. ಇಷ್ಟು ವರ್ಷ ಅದರ ಮೇಲೇ ಬರೆದು ಹೊಟ್ಟೆ ಹೊರೆದೆ. ಈಗ ಮೊಳಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ. ತಪ್ಪಿದರೆ ಇನ್ನೊಂದು ಸಲ ಬರೆಯಲು ಬಟ್ಟೆ ಇಲ್ಲ. ಇಲ್ಲಿಯ ಅಂಗಡಿಯ ರೇಷ್ಮೆ ನುಣುಪು, ಬಣ್ಣ ಮೇಲೆಯೇ ಜಾರುತ್ತದೆ. ಅಮ್ಮನದು ಕುಡಿಯುತ್ತದೆ.

ನಿಮ್ಮ ಪತ್ರ ಎದುರಿಗಿಟ್ಟುಕೊಂಡು ಯೋಚಿಸುತ್ತಿದ್ದೇನೆ. ನೆರಳು ಬಿಟ್ಟರೆ ಅಮ್ಮ ಯಾರೋ ಆಗುತ್ತಾಳೆ. ನೆರಳು ಹಾಕಿದರೆ ನಿಮ್ಮಿಂದ ಮರೆಯಾಗುತ್ತಾಳೆ. ನೆರಳೂ ಇರಬೇಕು, ಕೆನ್ನೆಯ ಮೇಲೆ ಮಸಿಯೂ ಇರಬಾರದು. ಎಲ್ಲಿ ಇಡಲಿ ಅದನ್ನು?

ನಿಮ್ಮ ಮಗಳು


ಪ್ಯಾರಿಸ್
14 ಡಿಸೆಂಬರ್ 1937

ಅಪ್ಪ, ದೊಡ್ಡತ್ತೆ, ಇಬ್ಬರಿಗೂ ನಮಸ್ಕಾರ,

ನೆರಳನ್ನು ಬೆನ್ನಿಗೆ ಹಾಕಿದೆ.

ಹೇಳುತ್ತೇನೆ ಕೇಳಿ. ರೇಷ್ಮೆಯನ್ನು ಚೌಕಟ್ಟಿಗೆ ಬಿಗಿದು, ಮುಂದಿನಿಂದ ನಮ್ಮ ಪದ್ಧತಿಯಂತೆ ಕೂದಲೆಳೆಯ ಗೆರೆ ಎಳೆದೆ. ನೇರ ಮುಖ, ಎರಡೂ ಕಿವಿ. ಕೆನ್ನೆಗೆ ಒಂದು ಚುಕ್ಕೆ ಕಪ್ಪು ಸೋಕಿಸಲಿಲ್ಲ. ಆಮೇಲೆ ಚೌಕಟ್ಟು ತಿರುಗಿಸಿ, ಇಲ್ಲಿ ಕಲಿತ ನೆರಳನ್ನೆಲ್ಲ ಬಟ್ಟೆಯ ಹಿಂಬದಿಗೆ ಹಚ್ಚಿದೆ. ರೇಷ್ಮೆಯ ಬೆನ್ನಿಗೆ ಬಣ್ಣ ಕೊಡುವುದು ನಮ್ಮ ಕಡೆಯ ಹಳಬರಿಗೂ ಗೊತ್ತಿತ್ತು. ಅವರು ಬಿಳಿ ಕೊಡುತ್ತಿದ್ದರು, ನಾನು ಕಪ್ಪು ಕೊಟ್ಟೆ. ಅಮ್ಮ ಎಳೆ ಸಡಿಲ ಬಿಟ್ಟಿದ್ದರಿಂದ ಅದು ಬಂತು. ಮುಂದಿನಿಂದ ನೋಡಿದರೆ ನೆರಳೆಂದು ಹೇಳಲಾಗದು, ಆದರೆ ಮುಖ ಚಪ್ಪಟೆಯಾಗಿಲ್ಲ, ಗುಂಡಾಗಿ ಎದ್ದು ಬಂದಿದೆ.

ಪ್ರತಿ ಬಣ್ಣ ಹಚ್ಚಿದ ಮೇಲೂ, ಬಟ್ಟೆ ಕುಡಿಯದೆ ಉಳಿದದ್ದು ಹೋಗಲೆಂದು ನೀರಲ್ಲಿ ತೊಳೆಯಬೇಕಲ್ಲ. ನಾನು ಊಟ ಮಾಡುವ ಅಂಗಡಿಯ ಬಾಕ್ ಅಣ್ಣ, ನಮ್ಮ ನಾಮ್ ಡಿನ್ ಕಡೆಯವರು, ತಮ್ಮ ಅಡುಗೆಮನೆಯ ದೊಡ್ಡ ತೊಟ್ಟಿ ಬಿಟ್ಟುಕೊಟ್ಟರು. ನೀರಿನೊಳಗಿಂದ ಅಮ್ಮ ಮೇಲೆ ನೋಡುತ್ತಿದ್ದಳು. "ಮೆಲ್ಲಗೆ ತೊಳಿಯಮ್ಮ, ಕಣ್ಣಿಗೆ ನೀರು ಹೋದೀತು" ಎಂದರು ಬಾಕ್ ಅಣ್ಣ. ತಮಾಷೆಗೆ ಹೇಳಿದವರು ಒಲೆ ಕಡೆ ತಿರುಗಿ ಬೆಂಕಿ ಕೆದಕಿದರು. ಆಮೇಲೆ, "ನಮ್ಮಮ್ಮ ಒಂಚೂರೂ ಹೀಗಿರ್ಲಿಲ್ಲ. ಆದ್ರೂ ಊರಿಗ್ ಹೋಗಿ ಬಂದಂಗಾಯ್ತು" ಎಂದರು.

ಚಿತ್ರ ಸುರುಳಿ ಸುತ್ತಿ ಕಳುಹಿಸಿದ್ದೇನೆ. ಹಿಂದೆ ಕಾಗದ ಅಂಟಿಸಬೇಡಿ. ಪೀಠದ ಹಿಂದಿನ ಸುಣ್ಣದ ಗೋಡೆಯೇ ಸಾಕು, ಬೆಳಕು ಅಲ್ಲಿಂದ ಬರಲಿ.

ಇನ್ನೊಂದು ವಿಷಯ. ಕತ್ತನ್ನು ಎಳ್ಳಷ್ಟು ಬಾಗಿಸಿದ್ದೇನೆ. ಹಿರಿಯರಿಗೆ ಹೇಳಬೇಡಿ. ಅವರಿಗೇ ಕಂಡರೆ, ಕುಂಚ ಜಾರಿತೆಂದು ಹೇಳಿ.

ಉಯೆನ್


ಲಾ ತ್ರಾಂಗ್
24 ಮಾರ್ಚ್ 1938

ನನ್ನ ಮಗಳು ಉಯೆನ್‌ಗೆ,

ತಿಥಿ ಮುಗಿಯಿತು. ಬಿಳಿ ಬಟ್ಟೆ ಸುಟ್ಟೆವು. ನಿನಗೆ ಎಲ್ಲವನ್ನೂ ಬರೆಯಬೇಕು, ಎಲ್ಲಿಂದ ಶುರುಮಾಡಲಿ ತಿಳಿಯುತ್ತಿಲ್ಲ.

ಸುರುಳಿ ಹೊಸವರ್ಷದ ಹಬ್ಬ ಮುಗಿದ ಮೇಲೆ ಬಂತು. ತಿಥಿಯ ದಿನದವರೆಗೆ ನಾನು ಬಿಚ್ಚಲಿಲ್ಲ. ಧೈರ್ಯ ಬರಲಿಲ್ಲವೆಂದೇ ಇಟ್ಟುಕೋ. ಅವತ್ತು ಬೆಳಿಗ್ಗೆ ಹಿರಿಯರ ಮುಂದೆಯೇ ಬಿಚ್ಚಿ, ಬಡಗಿ ಮಾಡಿಕೊಟ್ಟ ಚೌಕಟ್ಟಿಗೆ ಬಿಗಿದು ಪೀಠದ ಮೇಲಿಟ್ಟೆ. ದೀಪ ಹಚ್ಚಿ ಹಿಂದೆ ಸರಿದು ನೋಡಿದೆ.

ಬಂದಿದ್ದಳು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಕಣ್ಣು ಮುಚ್ಚಿದೆ, ಮುಚ್ಚಿದ ಕಣ್ಣಿಗೂ ಬಂದಳು.

ಹಿರಿಯರು ಹತ್ತಿರ ಹೋಗಿ ಕಿವಿ ನೋಡಿದರು. ಎರಡೂ ಇವೆ ಎಂದರು. ಕೆನ್ನೆ ಚೊಕ್ಕಟವಾಗಿದೆ ಎಂದರು. ಕತ್ತಿನ ವಿಷಯ ಯಾರೂ ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಆದರೆ ನಿನ್ನ ದೊಡ್ಡತ್ತೆ ಸುಮ್ಮನಿರುವವಳೇ? ಚೌಕಟ್ಟನ್ನು ಎತ್ತಿ ಹಿಂದೆ ತಿರುಗಿಸಿದಳು. ಅಲ್ಲಿ ಕಪ್ಪೋ ಕಪ್ಪು. "ಅಲೆಲೆಲೆ ಕಳ್ಳಿ! ಮಸೀನೆಲ್ಲ ಬೆನ್ನಿಗೆ ಬಚ್ಚಿಟ್ಟವ್ಳೆ!" ಎಂದು ಕೂಗಿದಳು. ಹಿರಿಯರು ಏನಂದಾರೋ ಎಂದು ಅವರ ಮುಖ ನೋಡಿದೆ. ಅಕ್ಕ ಅದನ್ನು ಮತ್ತೆ ಮುಂದಕ್ಕೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ಇರ್ಲಿ ಬಿಡು. ಅವಳೂ ಹಂಗೇ ಇದ್ಲು. ಕಷ್ಟ ಎಲ್ಲ ಬೆನ್ನಿಗೆ, ಮುಖ ಮಾತ್ರ ತೊಳ್ದಿಟ್ಟ ಬಟ್ಟಲು" ಎಂದಳು. ಆಮೇಲೆ ಬಟ್ಟೆಯ ಅಂಚು ಬೆರಳಲ್ಲಿ ತಿಕ್ಕಿ ನೋಡಿ, "ಇದು ಅವಳ್ದೇ ನೇಯ್ಗೆ" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅವರಿಬ್ಬರೂ ಜೀವನವಿಡೀ ಜಗಳವಾಡಿದವರು. ಅವಳು ಸತ್ತಾಗ ಅಕ್ಕ ಅತ್ತಿರಲಿಲ್ಲ. ಅವತ್ತು ಅತ್ತಳು.

ಮುಖ್ಯವಾದದ್ದು ಆಮೇಲೆ ನಡೆಯಿತು. ಎಡೆ ಇಡುವ ಹೊತ್ತು. ಅನ್ನದ ಬಟ್ಟಲು ಹಿಡಿದುಕೊಂಡು ಅಕ್ಕ ಅಡುಗೆಮನೆಯಿಂದ ಬಂದಳು. ಪೀಠದ ಮುಂದೆ ನೇರ ನಿಂತು ಸತ್ತವರನ್ನು ಊಟಕ್ಕೆ ಕರೆಯುವುದು ಕ್ರಮ. ಅವಳು ಹಾಗೆ ನಿಲ್ಲಲಿಲ್ಲ. ನೇರ ಹೋಗುತ್ತಿದ್ದವಳು ಪೀಠದ ಹತ್ತಿರ ಬಂದದ್ದೇ ಪಕ್ಕಕ್ಕೆ ಹೊರಳಿ, ನಿನ್ನ ಅಮ್ಮನ ಬಲಗಿವಿಯ ಕಡೆಗೆ ಹೋಗಿ ನಿಂತು, ಹೊಲದ ಆ ಕಡೆಗೆ ಕೇಳುವಂತೆ ಗಟ್ಟಿಯಾಗಿ ಕೂಗಿದಳು.

"ಏಯ್! ಅನ್ನ ಆರೋಗುತ್ತೆ, ಬಾ ಉಣ್ಣು!"

ಹೀಗೆ ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ತಾನು ಎಲ್ಲಿ ನಿಂತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ನಾನು ಚಿತ್ರ ನೋಡಿದೆ. ಎಳ್ಳಷ್ಟು ಬಾಗಿದ ಆ ಕತ್ತು "ಏನಂದ್ರಿ?" ಎಂದು ಈಗ ತಿರುಗುತ್ತದೆ, ಈಗ ತಿರುಗುತ್ತದೆ ಅನ್ನುವ ಹಾಗಿತ್ತು. ಸಮುದ್ರ ದಾಟಿ ಹೋಗಿ ನೀನು ಏನು ಕಲಿತೆಯೆಂದು ನನಗೆ ಅವತ್ತು ತಿಳಿಯಿತು. ಅಂದು ಹಡಗುಕಟ್ಟೆಗೆ ಬರಬೇಕಿತ್ತು ಅನಿಸಿತು.

ಎಣ್ಣೆಬಣ್ಣದವಳು ಮಗ್ಗದ ಕೋಣೆಯಲ್ಲೇ ಇದ್ದಾಳೆ, ಅಕ್ಕ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದ ಬಟ್ಟೆಯನ್ನು ಕತ್ತರಿಸಿ ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಅದೂ ಎಳೆ ಸಡಿಲ ಬಿಟ್ಟು ನೇಯ್ದದ್ದೇ. ಯಾರಿಗೆಂದು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇದರ ಮೇಲೆ ನಿನಗೆ ಇಷ್ಟ ಬಂದದ್ದನ್ನು ಬರೆ. ನೆರಳು ಹಾಕು, ಹಾಕದಿರು, ಯಾವ ಪದ್ಧತಿಯಲ್ಲಾದರೂ ಸರಿ.

ಈ ಪತ್ರವನ್ನು ಪೀಠದ ಪಕ್ಕ, ಅವಳ ಬಲಗಡೆ ಕೂತು ಬರೆಯುತ್ತಿದ್ದೇನೆ. ಮುಗಿಸುವ ಮುಂಚೆ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೇನಾದರೂ ಬರೆಯಬೇಕೇ ಎಂದು ಕೇಳಿದೆ.

ಊಟ ಸರಿಯಾಗಿ ಮಾಡುತ್ತೀಯಾ?

ಅಕ್ಷರ ಅಪ್ಪನದು